ಎಳೆಗೂಸಿನ ಆರೈಕೆಯ ಸಲಹೆ: ವಿಜಯಪುರ ಸೀಮೆಯ ಚರಿತ್ರೆ

ಹುಟ್ಟಿದ ಕೂಸಿಗೆ ಏನನ್ನು, ಯಾವಾಗ ಕುಡಿಸಬೇಕು, ಅತ್ತರೆ ಹೇಗೆ ರಮಿಸಬೇಕು, ಅದರೊಡನೆ ಹೇಗೆ ಮಾತಾಡಬೇಕು ಎಂದು ಬಲ್ಲವರು ಬಾಣಂತಿಗೆ ಹೇಳುತ್ತ ಬಂದ ತಿಳಿವಳಿಕೆಯೇ ಎಳೆಗೂಸಿನ ಆರೈಕೆಯ ಸಲಹೆ. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಈ ಬಲ್ಲವರೆಂದರೆ ಮೊದಲು ಮನೆಯ ಅಜ್ಜಿ ಮತ್ತು ಸೂಲಗಿತ್ತಿ. ನಂತರ ನರ್ಸಮ್ಮ, ಡಾಕ್ಟರು, ಅಂಗನವಾಡಿ ಕಾರ್ಯಕರ್ತೆ ಬಂದರು, ಕೊನೆಗೆ ಆಶಾ ಕಾರ್ಯಕರ್ತೆ ಬಂದಳು. ವಿಜಯಪುರದಿಂದ ಪಶ್ಚಿಮಕ್ಕೆ ಹೊರಡುವ ಅಥಣಿ ರಸ್ತೆಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ, 1984ರಲ್ಲಿ ಆರಂಭವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜಿದೆ. ಮುಂದೆ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಅದರಾಚೆ ತಿಕೋಟಾದ ದ್ರಾಕ್ಷಿ ತೋಟಗಳು. ಹೆರಿಗೆ ಆಸ್ಪತ್ರೆಗೆ ಹೋಗಿದೆ, ಬಾಣಂತನ ಮಾತ್ರ ಇನ್ನೂ ಮನೆಯಲ್ಲೇ ಇದೆ. ಆದ್ದರಿಂದ ಇಲ್ಲಿನ ತಾಯಿ ಒಂದೇ ವಾರದಲ್ಲಿ ಎರಡು ಬಗೆಯ ಸಲಹೆ ಕೇಳುತ್ತಾಳೆ.

ಮೊದಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ. ಗಾಳಿ ತಾಕದ ಕೋಣೆ, ಹೊರಸಿನ ಕೆಳಗೆ ಕೆಂಡ, ಕಿವಿಗೆ ಬಿಗಿದ ಬಟ್ಟೆ, ಹಾಲು ಹೆಚ್ಚಲೆಂದು ಅಳವಿ ಪಾಯಸ, ಸಬ್ಬಸಗಿ ಪಲ್ಯ, ಸೊಂಟ ಗಟ್ಟಿಯಾಗಲೆಂದು ಅಂಟಿನ ಉಂಡಿ. ಐದನೆಯ ದಿನ ಸಟವಿ ದೇವತೆಯ ಪೂಜೆ. ಆ ರಾತ್ರಿ ಅವಳು ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂಬ ನಂಬಿಕೆ. ದಿನದ ದೊಡ್ಡ ಕೆಲಸ ಕೂಸಿಗೆ ಎರೆಯುವುದು. ಎರೆಯುವಾಕೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬೆನ್ನ ಮೇಲೆ ಬಿಸಿನೀರನ್ನು ಬೊಗಸೆಬೊಗಸೆಯಾಗಿ ಸುರಿಯುತ್ತಾಳೆ. ಕೊನೆಗೆ ಲೋಬಾನದ ಹೊಗೆ, ಮೆತ್ತಗಿನ ಹಳೆ ಸೀರೆಯ ಸುತ್ತು, ಕೌದಿ. ಎಣ್ಣೆಯ ನೀವಿಕೆಯನ್ನೂ ಬೆಚ್ಚಗಿಡುವುದನ್ನೂ ಇಂದಿನ ವೈದ್ಯರು ಒಪ್ಪುತ್ತಾರೆ. ಹೊಗೆಯನ್ನು, ಮೂಗು-ಕಿವಿಗೆ ಎಣ್ಣೆ ಬಿಡುವುದನ್ನು, ಕಣ್ಣಿಗೆ ಕಾಡಿಗೆ ತೀಡುವುದನ್ನು ಒಪ್ಪುವುದಿಲ್ಲ.

ಹಾಲೂಡಿಕೆಯಲ್ಲಿ ಹಳೆಯ ಸಲಹೆ ಎಡವಿದ್ದು ಮೊದಲ ಮೂರು ದಿನಗಳ ವಿಷಯದಲ್ಲಿ. ಈ ದೋಷವನ್ನು ಅಜ್ಜಿಯರ ಮೇಲೆ ಮಾತ್ರ ಹೊರಿಸುವುದು ಅನ್ಯಾಯ. ಹೆರಿಗೆಯಾಗಿ ಮೂರು-ನಾಲ್ಕು ರಾತ್ರಿ ಕಳೆದ ಮೇಲೆ ಹಾಲು ಇಳಿಯುತ್ತದೆ, ಅಲ್ಲಿಯವರೆಗೆ ಜೇನುತುಪ್ಪ ಮತ್ತು ತುಪ್ಪ ನೆಕ್ಕಿಸಬೇಕು ಎಂದು ಸುಶ್ರುತ ಸಂಹಿತೆಯಂಥ ಶಾಸ್ತ್ರಗ್ರಂಥವೇ ಹೇಳಿತ್ತು. ಮನೆಗಳಲ್ಲಿ ಬೆಲ್ಲದ ನೀರು, ಔಡಲೆಣ್ಣೆ, ಜೇನುತುಪ್ಪ ನಡೆದವು. ಹಳದಿ ಬಣ್ಣದ ಗಟ್ಟಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿದರು. ಎಮ್ಮೆ ಈದರೆ ಅದರ ಗಿಣ್ಣಕ್ಕೆ ಬೆಲ್ಲ, ಏಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚುವ ಮನೆಗಳಲ್ಲೇ ತಾಯಿಯ ಗಿಣ್ಣದ ಹಾಲು ಕೂಸಿಗೆ ಸಿಗದೇ ಹೋಯಿತು. ಮೊದಲ ದಿನ ಕೂಸಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಒಂದು ಚಮಚದಷ್ಟು ಮಾತ್ರ. ಆ ಚಮಚದಲ್ಲಿ ಸೋಂಕು ತಡೆಯುವ ಅಂಶಗಳು ತುಂಬಿರುತ್ತವೆ. ಹೆರಿಗೆಯಾದ ಒಂದು ತಾಸಿನೊಳಗೆ ಎದೆಗೆ ಹಾಕಿ ಎಂಬ ಇಂದಿನ ಸಲಹೆಗೆ ಇದೇ ಆಧಾರ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ ಎಂಬ ಎಚ್ಚರಿಕೆ ಬಂದದ್ದು 1976ರ ನಂತರ, ಅದರಿಂದ ಎಳೆಗೂಸುಗಳಿಗೆ ಬಾಟುಲಿಸಂ ಎಂಬ ವಿಷಬಾಧೆ ಆಗಬಹುದೆಂದು ಗೊತ್ತಾದ ಮೇಲೆ.

ಬ್ರಿಟಿಷರ ಕಾಲದಲ್ಲಿ ವಿಜಯಪುರ, ಅಂದರೆ ಅಂದಿನ ಬಿಜಾಪುರ, ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೆಂಗಸರಿಗೆ ವೈದ್ಯ ನೆರವು ಒದಗಿಸಲು 1885ರಲ್ಲಿ ಡಫರಿನ್ ನಿಧಿ, ಸೂಲಗಿತ್ತಿಯರಿಗೆ ತರಬೇತಿ ಕೊಡಲು 1903ರಲ್ಲಿ ವಿಕ್ಟೋರಿಯಾ ಸ್ಮಾರಕ ನಿಧಿ ಹುಟ್ಟಿದವು. 1920ರ ದಶಕದಲ್ಲಿ ಮುಂಬಯಿ ಗಿರಣಿ ಕಾರ್ಮಿಕರ ಮನೆಗಳನ್ನು ನೋಡಿದ ವೈದ್ಯರು ಕೂಸುಗಳಿಗೆ ಬಾಲಗೋಲಿ, ಅಂದರೆ ಅಫೀಮಿನ ಗುಳಿಗೆ, ಕೊಟ್ಟು ಮಲಗಿಸುವುದನ್ನು ಬರೆದಿಟ್ಟರು. ಪಾಳಿಯ ಮೇಲೆ ಹೋಗಬೇಕಾದ ತಾಯಿಗೆ ಕೂಸು ನಿದ್ದೆ ಮಾಡಲೇಬೇಕಿತ್ತು. ಅತ್ತ ನ್ಯೂಜಿಲೆಂಡಿನ ವೈದ್ಯ ಟ್ರೂಬಿ ಕಿಂಗ್ 1907ರಿಂದ ನಾಲ್ಕು ತಾಸಿಗೊಮ್ಮೆ ಗಡಿಯಾರ ನೋಡಿ ಹಾಲು ಕೊಡಿ, ಸುಮ್ಮಸುಮ್ಮನೆ ಎತ್ತಿಕೊಳ್ಳಬೇಡಿ ಎಂದು ಬೋಧಿಸಿದ. 1946ರಲ್ಲಿ ಅಮೆರಿಕದ ವೈದ್ಯ ಬೆಂಜಮಿನ್ ಸ್ಪಾಕ್ ತನ್ನ ಪುಸ್ತಕದಲ್ಲಿ ತಾಯಂದಿರಿಗೆ ನಿಮ್ಮ ತಿಳಿವಳಿಕೆಯನ್ನು ನಂಬಿ ಎಂದ. ಈ ಸೀಮೆಯ ಹೊಲಮನೆಯ ತಾಯಂದಿರು ಗಡಿಯಾರದ ನಿಯಮಕ್ಕೆ ಎಂದೂ ಒಳಪಡಲಿಲ್ಲ. ಅತ್ತಾಗ ಎದೆಗೆ ಹಾಕುವುದು, ರಾತ್ರಿ ಪಕ್ಕದಲ್ಲೇ ಮಲಗಿಸಿಕೊಳ್ಳುವುದು ಅವರ ರೂಢಿ. ಹಸಿವಿನ ಸೂಚನೆ ಕಂಡಾಗ ಹಾಲು ಕೊಡಿ ಎಂದು ವೈದ್ಯಶಾಸ್ತ್ರವೂ ಕೊನೆಗೆ ಹೇಳಿತು.

ಡಬ್ಬಿ ಹಾಲಿನ ಚರಿತ್ರೆಯಲ್ಲಿ ಕರ್ನಾಟಕಕ್ಕೊಂದು ಪಾತ್ರವಿದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ರೂಪಿಸಿತು. ಅಮುಲ್ ಅದನ್ನು ಮಾರುಕಟ್ಟೆಗೆ ತಂದಿತು. ತಾಯಿಯಿಲ್ಲದ ಕೂಸುಗಳಿಗೆ ಅದು ಜೀವದಾನ. ಆದರೆ ಶುದ್ಧ ನೀರಿಲ್ಲದ, ಬಾಟಲಿ ಕುದಿಸಲು ಪುರಸೊತ್ತಿಲ್ಲದ ಬಡಮನೆಗಳಿಗೆ ಪುಡಿಹಾಲು ಹೊಕ್ಕಾಗ ಭೇದಿ ಹೆಚ್ಚಿತು. ಇದು ಜಗತ್ತಿನ ಅನೇಕ ದೇಶಗಳ ಅನುಭವ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಹಿತೆ, 1992ರಲ್ಲಿ ಭಾರತದ ಕಾಯ್ದೆ ಬಂದು ಎದೆಹಾಲಿಗೆ ಬದಲಿಯಾದ ಆಹಾರ ಮತ್ತು ಬಾಟಲಿಗಳ ಜಾಹೀರಾತು ನಿಷೇಧವಾಯಿತು. ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ ಎಂಬ ಖಚಿತ ಸಲಹೆ 2001ರದು. ಏಪ್ರಿಲ್-ಮೇ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಕೂಸಿಗೆ ಒಂದು ಚಮಚ ನೀರೂ ಹಾಕಬೇಡಿ ಎಂದರೆ ಹಿರಿಯರು ಒಪ್ಪುವುದು ಕಷ್ಟ. ಎದೆಹಾಲಿನ ಹೆಚ್ಚಿನ ಭಾಗ ನೀರೇ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನಷ್ಟೇ ಕುಡಿಯುವವರ ಪ್ರಮಾಣ ನಾಲ್ಕನೆಯ ಸುತ್ತಿನಲ್ಲಿ ಶೇ. 54.9 ಇದ್ದದ್ದು ಐದನೆಯ ಸುತ್ತಿಗೆ ಶೇ. 63.7ಕ್ಕೆ ಏರಿತು.

ಅಳುವ ಕೂಸನ್ನು ರಮಿಸಲು ಉತ್ತರ ಕರ್ನಾಟಕದ ಹೆಸರಾಂತ ಸಾಧನ ಕಲಘಟಗಿಯ ತೊಟ್ಟಿಲು. ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆದ ಈ ಮರದ ತೊಟ್ಟಿಲು ತವರಿನ ಉಡುಗೊರೆಯಾಗಿ ಹೋಗುತ್ತಿತ್ತು. ಉಳಿದವರಿಗೆ ಜಂತಿಗೋ ಬೇವಿನ ಕೊಂಬೆಗೋ ಕಟ್ಟಿದ ಸೀರೆಯ ಜೋಳಿಗೆಯೇ ತೊಟ್ಟಿಲು. ಹೊಟ್ಟೆನೋವಿನ ಅಳುವಿಗೆ ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದ ಗುಟ್ಟಿ; ಪೇಟೆಯವರಿಗೆ ಇಂಗ್ಲೆಂಡಿನಲ್ಲಿ 1851ರಲ್ಲಿ ಹುಟ್ಟಿದ ವುಡ್‌ವರ್ಡ್ಸ್ ಗ್ರೈಪ್ ವಾಟರ್. ಎರಡೂ ಆರು ತಿಂಗಳೊಳಗೆ ಬೇಡವೆಂದು ಮಕ್ಕಳ ತಜ್ಞರು ಹೇಳುತ್ತಾರೆ. ಇವೆಲ್ಲಕ್ಕಿಂತ ಘೋರವಾದದ್ದು ಹೊಟ್ಟೆಯುಬ್ಬರಕ್ಕೋ ಕಾಮಾಲೆಗೋ ಕೂಸಿನ ಹೊಟ್ಟೆಗೆ ಬರೆ ಎಳೆಯುವುದು. ಉತ್ತರದ ಜಿಲ್ಲೆಗಳಲ್ಲಿ ಅದು ಇನ್ನೂ ಪೂರ್ತಿ ನಿಂತಿಲ್ಲ, ನಿಲ್ಲಲೇಬೇಕು. ಕೂಸಿನ ಅಳು ಹುಟ್ಟಿದ ಎರಡನೆಯ ವಾರದಿಂದ ಏರುತ್ತ ಆರನೆಯ ವಾರಕ್ಕೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆಂದು ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ ತೋರಿಸಿದರು. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಕೂಸುಗಳು ಬರೆಯಿಂದ ಉಳಿಯುತ್ತಿದ್ದವು.

ಅಳುವ ಕೂಸನ್ನು ಅರಿಯುವ ವಿಷಯದಲ್ಲಿ ಹಳೆಯ ಗ್ರಂಥಗಳಲ್ಲೂ ಸೂಕ್ಷ್ಮ ನೋಟವಿತ್ತು. ಕಾಶ್ಯಪ ಸಂಹಿತೆಯ ಒಂದು ಅಧ್ಯಾಯ ಮಾತು ಬಾರದ ಮಗುವಿನ ನೋವನ್ನು ಅದರ ಚರ್ಯೆಯಿಂದ ಓದುವುದನ್ನು ಕಲಿಸುತ್ತದೆ. ಕೈ ಮತ್ತೆ ಮತ್ತೆ ಕಿವಿಗೆ ಹೋದರೆ ಕಿವಿನೋವೆಂದು ತಿಳಿಯಬೇಕು. ಅಳುವ ಅಥವಾ ಉಣ್ಣದ ಮಗುವನ್ನು ರಾಕ್ಷಸ, ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದೆಂದು ಚರಕ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಕನ್ನಡದಲ್ಲಿ ದೇವೇಂದ್ರ ಮುನಿಯ 'ಬಾಲಗ್ರಹ ಚಿಕಿತ್ಸೆ' ಮಕ್ಕಳ ಕಾಯಿಲೆಗಳಿಗೇ ಮೀಸಲಾದ ಹಳೆಯ ಕೃತಿ.

ಕೂಸಿನೊಡನೆ ಮಾತಾಡುವ ವಿಷಯಕ್ಕೆ ಬಂದರೆ ಈ ಸೀಮೆಯ ಹೆಂಗಸರು ತಜ್ಞರಿಗಿಂತ ಬಹಳ ಮುಂದಿದ್ದರು. ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರ ಗೆಳೆಯರ ಗುಂಪು ಹೆಂಗಸರ ಬಾಯಿಂದ ಬರೆದುಕೊಂಡ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚಾದವು. ಈ ನಾಡಿನ ತ್ರಿಪದಿಗಳಲ್ಲಿ ಅಳುವ ಕೂಸು ಕಾಟವಲ್ಲ. ಅದರ ತುಟಿ, ಹುಬ್ಬು, ನೋಟಗಳನ್ನು ತಾಯಿ ಬೆರಗಿನಿಂದ ಹೊಗಳುತ್ತಾಳೆ. ಬೀಸುತ್ತ, ತೂಗುತ್ತ, ಎರೆಯುತ್ತ ಕೂಸಿನ ಮುಖ ನೋಡಿ ಹಾಡುವುದೇ ಇಲ್ಲಿನ ಮಾತಿನ ಪಾಠಶಾಲೆ. ಹುಟ್ಟಿದ ಕೂಸು ತಾಯಿಯ ದನಿಯನ್ನು ಗುರುತಿಸಿ ಅದನ್ನೇ ಬಯಸುತ್ತದೆಂದು ಡಿಕಾಸ್ಪರ್ ಮತ್ತು ಫೈಫರ್ ಪ್ರಯೋಗದಿಂದ ತೋರಿಸಿದ್ದು 1980ರಲ್ಲಿ. ಫ್ರೆಂಚ್ ಮತ್ತು ಜರ್ಮನ್ ಕೂಸುಗಳು ಅಳುವ ಧಾಟಿಯೇ ಬೇರೆ, ಗರ್ಭದಲ್ಲಿ ಕೇಳಿದ ನುಡಿಯ ಏರಿಳಿತ ಅಳುವಿನಲ್ಲೂ ಇರುತ್ತದೆ ಎಂಬ ಸಂಶೋಧನೆ 2009ರದು. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಕಿವಿಗೆ ಬೀಳುವ ಈ ಊರುಗಳಲ್ಲಿ ಹಲವು ಭಾಷೆಗಳಿಂದ ಕೂಸು ಗಲಿಬಿಲಿಗೊಳ್ಳುತ್ತದೆಂದು ಅಂಜಬೇಕಿಲ್ಲ. ಅಚ್ಚಿನ ಕನ್ನಡದಲ್ಲಿ ಆಧುನಿಕ ವೈದ್ಯ ಸಲಹೆಯನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ವೈದ್ಯೆ, ಕಾದಂಬರಿಕಾರ್ತಿ ಡಾ. ಅನುಪಮಾ ನಿರಂಜನ ಮುಖ್ಯರು. ಅವರ 'ತಾಯಿ-ಮಗು' ಓದುಬರಹ ಬಲ್ಲ ಬಾಣಂತಿಗೆ ಕನ್ನಡದಲ್ಲೇ ಮಾತಾಡುವ ವೈದ್ಯೆಯನ್ನು ಒದಗಿಸಿತು.

ಇಂದು ಸಲಹೆ ಬಾಗಿಲಿಗೇ ಬರುತ್ತದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿ ಸಾವು ತಗ್ಗಿಸಿದ್ದನ್ನು 1999ರಲ್ಲಿ ಪ್ರಕಟಿಸಿದರು. ಅದೇ ಮಾದರಿಯಲ್ಲಿ 2011ರಿಂದ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಕೂಸಿನ ತೂಕ ನೋಡುತ್ತಾಳೆ, ಎದೆಗೆ ಹಿಡಿಯುವ ರೀತಿ ತೋರಿಸುತ್ತಾಳೆ. ತೂಕ ಕಡಿಮೆಯಿರುವ ಕೂಸನ್ನು ಬರಿಮೈಗೆ ಅಪ್ಪಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದನ್ನು ಇಡೀ ಜಿಲ್ಲೆಗೆ ಹರಡುವ ಪ್ರಯತ್ನ ನಡೆದದ್ದು ಕೊಪ್ಪಳದಲ್ಲಿ. ಆಶಾ ಹೇಳಿದ್ದನ್ನು ಬಾಣಂತಿ ಒಪ್ಪಿದರೂ ಕೋಣೆಯಲ್ಲಿ ನಡೆಯುವುದು ಅತ್ತೆಯ ಅಥವಾ ತಾಯಿಯ ಮಾತು. ಅನುಭವಸ್ಥ ಆಶಾ ಮೊದಲು ಅಜ್ಜಿಯ ಪಕ್ಕದಲ್ಲಿ ಕೂರುತ್ತಾಳೆ.

ಸಲಹೆಗೆ ಅಡ್ಡ ಬರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಕೂಲಿ. ದ್ರಾಕ್ಷಿ ಚಾಟಣಿ, ಕೊಯ್ಲು, ಕಬ್ಬಿನ ಕಡಿತದ ಹಂಗಾಮಿನಲ್ಲಿ ಕೆಲಸ ಬಿಟ್ಟರೆ ಅಂದಿನ ಕೂಲಿಯಿಲ್ಲ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೇರಿಸಿತು, ತೋಟದ ಆಳಿಗೆ ಆ ರಜೆ ಸಿಗುವುದಿಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆ ಘೋಷಿಸಿತು. ಖಾಸಗಿ ತೋಟದ ಕೂಲಿಯವಳು ಇಂದಿಗೂ ಬದುವಿನ ಬೇವಿಗೆ ಜೋಳಿಗೆ ಕಟ್ಟಿ, ಮೇಸ್ತ್ರಿಯನ್ನು ಕೇಳಿಕೊಂಡು, ಸಾಲು ಬಿಟ್ಟು ಬಂದು ಎದೆ ಕುಡಿಸಿ ಹೋಗುತ್ತಾಳೆ.