ಮೂರನೆಯ ಸಾಲಿನ ಮುಖ

‘ಒಡೆದ್ಹೋಗುತ್ತೆ ಮೇಡಂ’ ಎಂದ ಪ್ರಿಂಟಿಂಗ್ ಅಂಗಡಿಯ ಹುಡುಗ. ವಿಭಾಗದ ಪ್ರದರ್ಶನಕ್ಕೆಂದು ನಾನು ಒಯ್ದಿದ್ದು 1950ರ ದಶಕದ ಒಂದು ಗ್ರೂಪ್ ಫೋಟೊ. ಹಳ್ಳಿಶಾಲೆಯ ಮೇಷ್ಟ್ರುಗಳ ನಡುವೆ, ಮೂರನೆಯ ಸಾಲಿನ ಅಂಚಿನಲ್ಲಿ, ಒಬ್ಬರೇ ಟೀಚರಮ್ಮ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿ. ಉದ್ದ 1280 ಪಿಕ್ಸೆಲ್. ಎ0 ಹಾಳೆಯ 119 ಸೆಂ.ಮೀ.ಗೆ ಹಿಗ್ಗಿಸಿದರೆ ಇಂಚಿಗೆ 27 ಪಿಕ್ಸೆಲ್ ಉಳಿಯುತ್ತದೆ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ 300 ಬೇಕು; ನಾಲ್ಕಾರು ಅಡಿ ದೂರದಿಂದ ನೋಡುವ ಪೋಸ್ಟರಿಗೆ 100ರಿಂದ 150 ಆದರೂ ಬೇಕು.

‘ಒಡೆಯುವುದು’ ಚೆಂದದ ಮಾತು. ಆದರೆ ಅಲ್ಲಿ ಹೊಸದಾಗಿ ಒಡೆಯುವುದೇನೂ ಇಲ್ಲ. ಮೊದಲೇ ಚೂರಾಗಿದ್ದದ್ದು ಕಣ್ಣಿಗೆ ಬೀಳುತ್ತದೆ, ಅಷ್ಟೆ. ಫೋಟೊವೊಂದನ್ನು ಕಂಪ್ಯೂಟರಿಗಾಗಿ ಮೊದಲು ಚೂರು ಮಾಡಿದ್ದು 1957ರಲ್ಲಿ, ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ. ರಸೆಲ್ ಕರ್ಶ್ ತಮ್ಮ ಮೂರು ತಿಂಗಳ ಮಗ ವಾಲ್ಡನ್‌ನ ಐದು ಸೆಂ.ಮೀ. ಚಿತ್ರವನ್ನು ಸ್ಕ್ಯಾನ್ ಮಾಡಿದರು. ಅಡ್ಡಕ್ಕೆ 176, ಉದ್ದಕ್ಕೆ 176 ಚೌಕಗಳು. ಒಂದು ಸಲಕ್ಕೆ ಯಂತ್ರ ಗುರುತಿಸುತ್ತಿದ್ದುದು ಕಪ್ಪು ಅಥವಾ ಬಿಳುಪು ಮಾತ್ರ. ನಡುವಿನ ಬೂದುಛಾಯೆಗಾಗಿ ಹಲವು ಸಲ ಸ್ಕ್ಯಾನ್ ಮಾಡಿ ಕೂಡಿಸಬೇಕಾಯಿತು. ಇಂದಿನ 300ರ ಲೆಕ್ಕದಲ್ಲಿ ಆ ಮಗು ಒಂದೂವರೆ ಸೆಂ.ಮೀ. ಅಗಲಕ್ಕೆ ಮುಗಿದುಹೋಗುತ್ತದೆ. ಪಿಕ್ಸೆಲನ್ನು ಚೌಕವಾಗಿಸಿದ್ದು ತಪ್ಪಾಯಿತೆಂದು ಕರ್ಶ್ ಮುಪ್ಪಿನಲ್ಲಿ ಹಳಹಳಿಸಿದ್ದರು.

ಚೌಕ ಹಾಕಿ ಹಿಗ್ಗಿಸುವುದು ನಮ್ಮ ಸಿನಿಮಾ ಬ್ಯಾನರ್ ಕಲಾವಿದರಿಗೂ ಗೊತ್ತಿತ್ತು. ಚಿಕ್ಕ ಸ್ಟಿಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಅಷ್ಟೇ ಚೌಕಗಳನ್ನು ದೊಡ್ಡ ಬಟ್ಟೆಯ ಮೇಲೆ ಹಾಕಿಕೊಂಡು, ಒಂದೊಂದನ್ನೇ ತುಂಬುತ್ತಿದ್ದರು. ಸ್ಟಿಲ್ಲಿನಲ್ಲಿ ಕಾಣದ ರೆಪ್ಪೆಗೂದಲನ್ನು ಕುಂಚ ಬರೆಯುತ್ತಿತ್ತು. ಅದು ಬರೆದದ್ದೆಂದು ನೋಡುವವರಿಗೆ ಗೊತ್ತಿರುತ್ತಿದ್ದರಿಂದ ಯಾರಿಗೂ ಮೋಸವಾಗಲಿಲ್ಲ.

ಅಂಗಡಿಯ ಹುಡುಗ ಸಹಾಯ ಮಾಡಲೆಂದೇ ಫೋಟೊವನ್ನು ಎಐ ತಂತ್ರಾಂಶಕ್ಕೆ ಕೊಟ್ಟ. ಹಳೆಯ ತಂತ್ರಾಂಶಗಳು ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆದು ನಡುವೆ ತುಂಬುತ್ತವೆ. ಚಿತ್ರ ಮಸುಕಾಗುತ್ತದೆ, ಸುಳ್ಳು ಹೇಳುವುದಿಲ್ಲ. ಇದು ಹಾಗಲ್ಲ. ಸಾವಿರಾರು ಮುಖಗಳನ್ನು ಕಂಡ ರೂಢಿಯಿಂದ ಇಲ್ಲಿ ಎಂಥ ಮುಖ ಇರಬಹುದೆಂದು ಊಹಿಸಿ ಬರೆಯುತ್ತದೆ. ನಿಮಿಷದಲ್ಲಿ ಟೀಚರಮ್ಮನಿಗೆ ತಿದ್ದಿದ ಹುಬ್ಬು, ಸಾಲಾದ ಹಲ್ಲು ಬಂದವು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಫೋಟೊ ಕಳಿಸಿದ್ದ ಅವರ ಮೊಮ್ಮಗಳಿಗೆ ತೋರಿಸಿದೆ. ‘ಯಾರಿದು? ನಮ್ಮಜ್ಜಿ ಅಲ್ಲ’ ಎಂದಳು.

ಆ ಶಾಲೆಯಲ್ಲಿ ಅವರಿದ್ದರೆಂಬುದಕ್ಕೆ ನನಗೆ ಸಿಕ್ಕಿರುವ ದಾಖಲೆ ಇದೊಂದೇ. ಅದಕ್ಕೇ ಇನ್ನೊಂದು ಮುಖ ಅಂಟಿಸಿ ಗೋಡೆಗೆ ಹಾಕುವವಳಿದ್ದೆ.

ಕೊನೆಗೆ ಅವರ ಮನೆಗೇ ಹೋಗಿ, 14 ಸೆಂ.ಮೀ. ಉದ್ದದ ಮೂಲಪ್ರತಿಯನ್ನು ಇಂಚಿಗೆ 1200ರಂತೆ ಸ್ಕ್ಯಾನ್ ಮಾಡಿದೆ. ಸುಮಾರು 6600 ಪಿಕ್ಸೆಲ್ ಬಂತು. ಗೀರುಗಳನ್ನು ಅಳಿಸಲಿಲ್ಲ. ಪೋಸ್ಟರನ್ನು ಎ2ಗೆ ಇಳಿಸಿದೆ, ಇಂಚಿಗೆ 280ರಷ್ಟಾಯಿತು. ಮೇಷ್ಟ್ರುಗಳ ಕೋಟಿನ ಗುಂಡಿಗಳನ್ನು ಈಗ ಎಣಿಸಬಹುದು. ಟೀಚರಮ್ಮ ಕ್ಯಾಮೆರಾ ಕ್ಲಿಕ್ಕಿಸುವಾಗ ತಲೆ ಅಲುಗಿಸಿದ್ದರೆಂದು ಕಾಣುತ್ತದೆ. ಅವರ ಮುಖ ಈಗಲೂ ಮಸುಕಾಗಿಯೇ ಇದೆ. ಅಡಿಬರಹದಲ್ಲಿ ಹಾಗೆಂದೇ ಬರೆದಿದ್ದೇನೆ.