ಮರದ ಮೇಲೆ ಕನ್ನಡ ಅಕ್ಷರ ಸುಡಲು ಮೊನೆಯ ಆಯ್ಕೆ: ಸದಸ್ಯರಿಗೊಂದು ಕೈಪಿಡಿ



ರಾಜ್ಯೋತ್ಸವದಲ್ಲಿ ಹಿರಿಯರಿಗೆ ಕೊಡುವ ನೆನಪಿನ ಫಲಕಗಳನ್ನು ಅಂಗಡಿಯಲ್ಲಿ ಕೊಳ್ಳದೆ ನಾವೇ ಮರದ ಮೇಲೆ ಸುಟ್ಟು ಬರೆಯುವ ಅಭ್ಯಾಸ ನಮ್ಮಲ್ಲಿದೆ. ಮೊದಲ ಸಲ ಮಾಡಿದಾಗ ಒಬ್ಬ ನಿವೃತ್ತ ಮೇಷ್ಟ್ರ ಹೆಸರಿನ ಕೊನೆಯ 'ಥ' ಪೂರ್ತಿ ಕರಿ ಚುಕ್ಕೆಯಾಗಿಬಿಟ್ಟಿತು. ಅವರು ನಕ್ಕು ಸ್ವೀಕರಿಸಿದರು. ಆದರೆ ಸಾವಿರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದವರ ಮನೆಯ ಗೋಡೆಗೆ ತಪ್ಪಕ್ಷರದ ಫಲಕ ಕೊಟ್ಟೆವಲ್ಲ ಎಂಬ ನಾಚಿಕೆ ನಮಗೆ ಹೋಗಲಿಲ್ಲ. ತಪ್ಪು ಕೈಯದ್ದಲ್ಲ, ಮೊನೆಯದ್ದು. ಆದ್ದರಿಂದ ಈ ಮಾಹಿತಿ.

ಪೆನ್ನಿನಲ್ಲಿ ಎರಡು ಬಗೆ

ಮೊದಲನೆಯದು ಸೋಲ್ಡರಿಂಗ್ ಐರನ್ನಿನಂಥದ್ದು. ಹಿತ್ತಾಳೆಯ ಮೊನೆಯನ್ನು ತಿರುಪಿ ಕೂರಿಸಬೇಕು. ಬೆಲೆ ಕಡಿಮೆ, ಆದರೆ ಕಾಯಲು ಕೆಲವು ನಿಮಿಷ ಬೇಕು, ಹಿಡಿಯುವ ಜಾಗ ಮೊನೆಯಿಂದ ದೂರವಿರುತ್ತದೆ. ಎರಡನೆಯದು ನೈಕ್ರೋಮ್ ತಂತಿಯ ಮೊನೆಯದು. ಕ್ಷಣಗಳಲ್ಲಿ ಕಾಯುತ್ತದೆ, ಶಾಖವನ್ನು ಹೆಚ್ಚು ಕಡಿಮೆ ಮಾಡಬಹುದು, ಬರೆಯುವ ಪೆನ್ನಿನಂತೆಯೇ ಹತ್ತಿರ ಹಿಡಿಯಬಹುದು. ಸಣ್ಣ ಅಕ್ಷರಕ್ಕೆ ಇದೇ ಸರಿ.

ಯಾವ ಕೆಲಸಕ್ಕೆ ಯಾವ ಮೊನೆ

*ಗುಂಡು ಮೊನೆ:* ಮರದ ನಾರಿಗೆ ಸಿಕ್ಕಿಕೊಳ್ಳದೆ ಎಲ್ಲ ದಿಕ್ಕಿಗೂ ಜಾರುತ್ತದೆ. ನಮ್ಮ ಲಿಪಿ ದುಂಡು ಲಿಪಿ. ತಲೆಕಟ್ಟು, ಕೊಂಬು, ಸೊನ್ನೆ ಎಲ್ಲಕ್ಕೂ ತಿರುವು ಬೇಕು. ಹೆಸರು ಬರೆಯಲು ಮೊದಲ ಆಯ್ಕೆ ಇದೇ.

*ಚಾಕುವಿನ ಅಂಚಿನ ಮೊನೆ:* ನೇರ ಗೆರೆ, ಅಂಚಿನ ಪಟ್ಟಿ, ಎಲೆಯ ನರ, ಕೂದಲೆಳೆಗೆ ಒಳ್ಳೆಯದು. ಸಣ್ಣ ತಿರುವಿನಲ್ಲಿ ಮರವನ್ನು ಕೊಯ್ದುಬಿಡುತ್ತದೆ. ಇದರಲ್ಲಿ ಬಾಗಿದ ಗೆರೆ ಎಳೆಯಲೇಬೇಕಾದರೆ ಕೈ ತಿರುಗಿಸುವ ಬದಲು ಹಲಗೆಯನ್ನೇ ತಿರುಗಿಸಿ.

*ಸೂಜಿ ಮೊನೆ:* ಚುಕ್ಕೆಗೆ ಮಾತ್ರ. ಗೆರೆ ಎಳೆದರೆ ಮೆದು ನಾರಿನಲ್ಲಿ ಹೂತುಹೋಗುತ್ತದೆ.

*ಚಪ್ಪಟೆ ಮೊನೆ:* ನೆರಳು ತುಂಬಲು. ಅಕ್ಷರಕ್ಕೆ ಬೇಡ.

ಅಳತೆ

ನಾವು ಪಾಲಿಸುವ ಲೆಕ್ಕ ಇಷ್ಟು: ಅಕ್ಷರದ ಎತ್ತರ ಗೆರೆಯ ದಪ್ಪದ ಹನ್ನೆರಡು ಪಟ್ಟಾದರೂ ಇರಲಿ. 1 ಮಿ.ಮೀ. ಗೆರೆಗೆ 12 ಮಿ.ಮೀ. ಅಕ್ಷರ. ಇದಕ್ಕಿಂತ ಚಿಕ್ಕದಾದರೆ 'ಧ' ಕೆಳಗಿನ ಸೀಳು ಮುಚ್ಚಿ 'ದ' ಆಗುತ್ತದೆ, 'ಥ' ಒಳಗಿನ ಚುಕ್ಕೆ ಹೊಟ್ಟೆಗೆ ಅಂಟುತ್ತದೆ. ಒತ್ತಕ್ಷರವಿರುವ ಹೆಸರಿಗೆ ಮುಖ್ಯ ಅಕ್ಷರವನ್ನು ನೋಡಿ ಮೊನೆ ಆರಿಸಬೇಡಿ, ಒತ್ತನ್ನು ನೋಡಿ ಆರಿಸಿ. ಸಾಲಿನ ಕೆಳಗೆ ಒತ್ತಿಗೆ ಜಾಗ ಬಿಡುವುದನ್ನೂ ಮರೆಯಬೇಡಿ.

ಸಹಿ

ಫಲಕ ಮಾಡಿದವರ ಸಹಿ ಕೆಳಮೂಲೆಯಲ್ಲಿರಲಿ, ಕನ್ನಡದಲ್ಲಿರಲಿ. ಕಾಗದದ ಮೇಲಿನ ಸಹಿ ವೇಗದ್ದು. ಮರದ ಮೇಲೆ ಕೈ ಒಂದೇ ನಿಧಾನದಲ್ಲಿ ಸಾಗಬೇಕು. ಹಾಗಾಗಿ ಗೀಚುವ ಸಹಿ ಬೇಡ. ಹೆಸರಿನ ಮೊದಲಕ್ಷರಗಳು ಮತ್ತು ಇಸವಿಯನ್ನು ಬಿಡಿಸಿ ಬರೆಯಿರಿ. ಅರ್ಧ ಮಿ.ಮೀ. ಗುಂಡು ಮೊನೆ, ಕಡಿಮೆ ಶಾಖ, 6 ಮಿ.ಮೀ. ಅಕ್ಷರ ಸಾಕು. ವಾರ್ನಿಷ್ ಹಚ್ಚುವ ಮುನ್ನವೇ ಸಹಿ ಮುಗಿಯಬೇಕು.

ಮರ ಮತ್ತು ಜಾಗ್ರತೆ

ಎಷ್ಟೇ ಒಳ್ಳೆಯ ಮೊನೆಯಾದರೂ ಒರಟು ನಾರಿನ ಮೇಲೆ ಕುಣಿಯುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆಮರ ಬಿಳಿ, ನಯ, ಹಾಗಾಗಿ ನಮ್ಮ ಕೆಲಸಕ್ಕೂ ಉತ್ತಮ. ತೇಗದ ಬಣ್ಣ ಗಾಢ, ಅಕ್ಷರ ಎದ್ದು ಕಾಣದು. ಪೈನ್ ಮರದಲ್ಲಿ ಗಟ್ಟಿ, ಮೆದು ಪಟ್ಟೆಗಳು ಬದಲಾಗುವುದರಿಂದ ಗೆರೆ ಒಂದೇ ಸಮ ಬರುವುದಿಲ್ಲ. ಬಣ್ಣ, ವಾರ್ನಿಷ್ ಹಚ್ಚಿದ ಹಲಗೆ ಮತ್ತು ಎಂಡಿಎಫ್ ಸುಡಲೇಬೇಡಿ, ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಕಿಟಕಿ ತೆರೆದಿಟ್ಟು ಕೂರಿ.

220 ನಂಬರಿನ ಉಪ್ಪುಕಾಗದದಿಂದ ಹಲಗೆ ಉಜ್ಜಿ. ಬರಹದ ಕಾಗದದ ಹಿಂಬದಿಗೆ ಪೆನ್ಸಿಲ್ ತಿಕ್ಕಿ, ಅಕ್ಷರವನ್ನು ಹಲಗೆಗೆ ಇಳಿಸಿ. ಮೊದಲು ಅದೇ ಮರದ ತುಂಡಿನ ಮೇಲೆ ಪರೀಕ್ಷಿಸಿ. ಕೈ ಚಲಿಸುತ್ತಿರುವಾಗಲೇ ಮೊನೆ ಮರಕ್ಕೆ ತಾಗಲಿ, ಚಲಿಸುತ್ತಿರುವಾಗಲೇ ಮೇಲೇಳಲಿ. ನಿಂತರೆ ಅಲ್ಲೇ ಕರಿ ಚುಕ್ಕೆ. ಮೊನೆಗೆ ಮಸಿ ಕಟ್ಟಿದರೆ ಗೆರೆ ಮಂಕಾಗುತ್ತದೆ, ಆಗಾಗ ಮೆಲ್ಲಗೆ ಒರೆಸಿ ತೆಗೆಯಿರಿ. ತಿರುಪಿನ ಮೊನೆಯನ್ನು ಪೂರ್ತಿ ಆರಿದ ಮೇಲೆಯೇ ಬದಲಿಸಿ.

ಕೊನೆಯದಾಗಿ, ಹೆಸರಿನ ಕಾಗುಣಿತವನ್ನು ಸನ್ಮಾನಿತರ ಮನೆಯವರಿಂದಲೇ ಬರೆಸಿಕೊಳ್ಳಿ. ಪೆನ್ಸಿಲ್ ತಪ್ಪನ್ನು ರಬ್ಬರು ಅಳಿಸುತ್ತದೆ, ಸುಟ್ಟದ್ದು ಉಳಿಯುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ದಿನವೂ ಕಾಣುವ ಕನ್ನಡ ಗೋಡೆಯ ಆ ಫಲಕ ಒಂದೇ. ಅದು ಸರಿಯಾಗಿರಲಿ.

ಕಾರ್ಯದರ್ಶಿ