ಟಿಪ್ಪೂಸುಲ್ತಾನನ ಪಂಚಾಂಗದಲ್ಲಿ ಅಕ್ಷರಸಂಖ್ಯೆಯ ಎರಡು ಕ್ರಮಗಳು

ಅಕ್ಷರಗಳಿಂದ ಸಂಖ್ಯೆಯನ್ನು ಸೂಚಿಸುವ ಪದ್ಧತಿಯು ಕರ್ಣಾಟಕದ ವಿದ್ವಾಂಸರಿಗೆ ಹೊಸತಲ್ಲ. ಕಟಪಯಾದಿ ಕ್ರಮವು ಸರ್ವವಿದಿತವೇ ಆಗಿದೆ. ಆದರೆ ಇಂತಹ ಗೂಢಸಂಕೇತವನ್ನು ಬಿಡಿಸಲು ವಿಧಾನವನ್ನರಿತರೆ ಸಾಲದು. ಬರೆದವನು ಯಾವ ಕೋಷ್ಟಕವನ್ನು ಅನುಸರಿಸಿದನೆಂಬುದೂ ತಿಳಿದಿರಬೇಕು. ಇದಕ್ಕೆ ಶ್ರೀರಂಗಪಟ್ಟಣದ ರಾಜಪತ್ರಗಳು ಉತ್ತಮ ನಿದರ್ಶನ.

1782ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಟಿಪ್ಪುವು 1784ರ ವೇಳೆಗೆ ಹೊಸ ಪಂಚಾಂಗವೊಂದನ್ನು ಬಳಕೆಗೆ ತಂದನು. ಚೈತ್ರಾದಿ ಮಾಸಗಳೂ ಅರವತ್ತು ಸಂವತ್ಸರಗಳೂ ಅದರ ತಳಹದಿ. ಹೆಸರುಗಳು ಮಾತ್ರ ಬೇರೆ. ವರ್ಷನಾಮದ ಅಕ್ಷರಗಳನ್ನು ಕೂಡಿದರೆ ಸಂವತ್ಸರದ ಕ್ರಮಾಂಕವು ದೊರೆಯುತ್ತದೆ. 38ನೆಯದಾದ ಕ್ರೋಧಿಗೆ ‘ಅಜಲ್’ ಎಂದು ಹೆಸರು: ಅಲಿಫ್ 1, ಜೇ 7, ಲಾಮ್ 30. ಇದು ಪ್ರಾಚೀನವಾದ ‘ಅಬ್ಜದ್’ ಕ್ರಮ.

1787ರಲ್ಲಿ ಮೌಲೂದಿ ಶಕೆಯೊಡನೆ ‘ಅಬ್ತಸ್’ ಕ್ರಮವು ಬಂದಿತು. ಇದರಲ್ಲಿ ವರ್ಣಮಾಲೆಯ ಸರಣಿಯಂತೆಯೇ ಬೆಲೆ. 41ನೆಯದಾದ ಪ್ಲವಂಗಕ್ಕೆ ‘ಶಾ’ ಎಂಬ ಹೆಸರಾಯಿತು: ಶೀನ್ 40, ಅಲಿಫ್ 1. ಇದನ್ನೇ ಅಬ್ಜದಿನಲ್ಲಿ ಎಣಿಸಿದರೆ 301 ಆಗುತ್ತದೆ. ಅರವತ್ತನ್ನು ಮೀರಿದುದರಿಂದ ದೋಷವು ತಾನೇ ಪ್ರಕಟವಾಗುವುದು.

ಮಾಸಗಳಲ್ಲಿ ಹಾಗಲ್ಲ. ಮೊದಲ ಹತ್ತು ತಿಂಗಳಿಗೆ ಹೆಸರಿನ ಆದ್ಯಕ್ಷರವೇ ಸಂಖ್ಯೆ. ‘ಜಾಫರಿ’ಯು ಹಳೆಯ ಕ್ರಮದಲ್ಲಿ 3ನೆಯ ಮಾಸ, ಜ್ಯೇಷ್ಠ, ಹೊಸದರಲ್ಲಿ 5ನೆಯದು, ಶ್ರಾವಣ. ‘ಹೈದರಿ’ಯು ಮೊದಲು 8ನೆಯದಾದ ಕಾರ್ತಿಕ, ಬಳಿಕ 6ನೆಯದಾದ ಭಾದ್ರಪದ. ಎರಡು ಎಣಿಕೆಗಳೂ ಹನ್ನೆರಡರೊಳಗೇ ನಿಲ್ಲುವುದರಿಂದ ತಪ್ಪು ಮರೆಯಾಗಿಯೇ ಉಳಿಯುತ್ತದೆ. ಪತ್ರದ ಕಾಲವು ಎರಡು ತಿಂಗಳು ಅತ್ತಿತ್ತ ಸರಿದು, ಯುದ್ಧಸಂಧಿಗಳ ಪೂರ್ವಾಪರವೇ ಕೆಡಬಹುದು.

ಆದಕಾರಣ ವರ್ಷನಾಮವನ್ನು ಮೊದಲು ನಿರ್ಣಯಿಸಿ, ಮಾಸವನ್ನು ಬಳಿಕ ಓದುವುದು ಯುಕ್ತ. ನಾಣ್ಯಗಳು ಇದಕ್ಕೆ ಬೇರೊಂದು ಸಾಕ್ಷಿ: ಅವುಗಳಲ್ಲಿ ಮೌಲೂದಿ 1215ರ ಅಂಕಗಳು ಬಲದಿಂದ ಎಡಕ್ಕೆ, ನೋಟಕ್ಕೆ 5121 ಎಂಬಂತೆ ಇವೆ. ನಾಗಮಂಗಲ, ಕೃಷ್ಣರಾಜಪೇಟೆ ಸೀಮೆಗಳ ಶಿಲಾಶಾಸನಗಳಲ್ಲಿ ಶಕವರ್ಷದೊಡನೆ ಬರುವ ಸಂವತ್ಸರಚಕ್ರವೇ ಇಲ್ಲಿಯೂ ಒರೆಗಲ್ಲು. 1811ರಲ್ಲಿ ಟಿಪ್ಪುವಿನ ಪತ್ರಗಳನ್ನು ಪ್ರಕಟಿಸಿದ ಕರ್ಕ್‌ಪ್ಯಾಟ್ರಿಕ್ಕನೂ, 1921ರಲ್ಲಿ ನಾಣ್ಯಗಳ ಗ್ರಂಥವನ್ನು ಹೊರತಂದ ಹೆಂಡರ್ಸನ್ನನೂ ಈ ವಿಷಯದಲ್ಲಿ ಮಾರ್ಗದರ್ಶಕರು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ನಡೆಯುತ್ತಿದ್ದುದು ‘ಬಾರಿಶ್’ ವರ್ಷ: 2, 1, 10, 40, ಒಟ್ಟು 53, ಸಿದ್ಧಾರ್ಥಿ. ಹೊಸ ಕೋಷ್ಟಕವು ಕೊನೆಯವರೆಗೂ ನಡೆಯಿತೆಂದು ಹಳೆಯದನ್ನು ಕೈಬಿಡುವಂತಿಲ್ಲ. ಬಿಟ್ಟರೆ 1787ಕ್ಕೆ ಹಿಂದಿನ ಪತ್ರಗಳು ಕಣ್ಣೆದುರಿಗಿದ್ದೂ ಕಾಲವನ್ನು ಹೇಳಲಾರವು.